ನೀರತ್ತೆ ಮತ್ತು ಗಿಡದಂಗಡಿಯ ದೂರುಗಳು

ನಮ್ಮ ಅತ್ತೆಯೊಡನೆ ಮಾತಿಗೆ ನಿಂತವರಿಗೆ ಮೊದಲು ಕಾಣುವುದು ಅವಳ ಮುಖವಲ್ಲ, ಕಿವಿ. ಎದುರಿನವರು ಬಾಯಿ ತೆರೆದರೆ ಸಾಕು, ಅವಳ ಮೊಣಕಾಲು ತಾನಾಗಿ ತುಸು ಮಡಚಿಕೊಳ್ಳುತ್ತದೆ, ಬೆನ್ನು ಬಾಗುತ್ತದೆ, ಮುಖ ಎಡಕ್ಕೆ ಹೊರಳಿ ಬಲಗಿವಿ ಮುಂದಕ್ಕೆ ಬಂದು ನಿಲ್ಲುತ್ತದೆ. ಮಾತು ಮುಗಿಯುವವರೆಗೂ ಆ ಕಿವಿ ಅಲ್ಲಿಂದ ಕದಲುವುದಿಲ್ಲ. ಪರಿಚಯವಿಲ್ಲದವರು, ಪಾಪ, ಈಕೆಗೆ ಕಿವುಡು ಎಂದುಕೊಂಡು ದನಿ ಏರಿಸುತ್ತಾರೆ. ಕಿವುಡಲ್ಲ. ಅಡುಗೆಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಪಿಸುಗುಟ್ಟಿದ್ದಕ್ಕೆ ಮಹಡಿಯಿಂದ ಉತ್ತರ ಕೊಡಬಲ್ಲ ಕಿವಿ ಅದು. ನಿವೃತ್ತಿಯಾಗುವವರೆಗೂ ಅವಳು ನಗರದ ನೀರು ಸರಬರಾಜು ಕಚೇರಿಯಲ್ಲಿ ದೂರು ಸ್ವೀಕರಿಸುವ ಕಿಂಡಿಯ ಹಿಂದೆ ಕುಳಿತವಳು. ಗಾಜಿನಲ್ಲಿ ಆ ಕಿಂಡಿ ಕೊರೆದ ಪುಣ್ಯಾತ್ಮ, ಹೊರಗೆ ನಿಂತವರ ಬಾಯಿಗೂ ಒಳಗೆ ಕೂತವರ ಕಿವಿಗೂ ಎಟುಕದ ಒಂದು ಮಧ್ಯಮ ಮಾರ್ಗವನ್ನು ಕಂಡುಹಿಡಿದು ಅಲ್ಲಿ ರಂಧ್ರ ಮಾಡಿ ಹೋಗಿದ್ದ. ಆ ರಂಧ್ರಕ್ಕೆ ಹೊಂದಿಕೊಂಡು ಹೊಂದಿಕೊಂಡು ಅತ್ತೆಯ ಅಂಗಾಂಗಗಳು ಮೂವತ್ತು ವರ್ಷಗಳಲ್ಲಿ ಈ ಭಂಗಿಯನ್ನು ಕಲಿತವು, ನಿವೃತ್ತಿ ವೇತನದ ಜೊತೆಗೆ ಅದೂ ಮನೆಗೆ ಬಂತು.

ನಾನು ಓದಿದ ಕಾನ್ವೆಂಟಿನ ಚರ್ಚಿನಲ್ಲೂ ಇಂಥದೇ ಒಂದು ಕಿಂಡಿ, ಜಾಲರಿಯದು, ಇತ್ತು. ಅಲ್ಲಿ ಜನ ಮೊಣಕಾಲೂರಿ ತಮ್ಮ ಪಾಪಗಳನ್ನು ಹೇಳಿಕೊಳ್ಳುತ್ತಿದ್ದರು, ಇಲ್ಲಿ ಎದ್ದುನಿಂತು ಇಲಾಖೆಯ ಪಾಪಗಳನ್ನು ಹೇಳುತ್ತಿದ್ದರು, ವ್ಯತ್ಯಾಸ ಅಷ್ಟೇ. ಅಲ್ಲಿ ಕೇಳಿಸಿಕೊಂಡ ಪಾದ್ರಿಗೆ ಕ್ಷಮಿಸುವ ಅಧಿಕಾರವಾದರೂ ಇತ್ತು. ಅತ್ತೆಗೆ ಕ್ಷಮೆ ಕೇಳುವ ಅಧಿಕಾರವೂ ಇರಲಿಲ್ಲ.

ಅತ್ತೆ ಎಂದ ಕೂಡಲೇ ವಿವಾಹಿತರು ಗಾಬರಿಯಾಗಬೇಕಿಲ್ಲ. ಈಕೆ ನನ್ನ ತಂದೆಯ ತಂಗಿ. ಇನ್ನೊಂದು ಬಗೆಯ ಅತ್ತೆಯ ಬಗ್ಗೆ ಬರೆದು ಪ್ರಕಟಿಸುವಷ್ಟು ಎದೆಗಾರಿಕೆ ನನಗಿಲ್ಲ. ಇವಳು ಎಂದೂ ಅತ್ತವಳಲ್ಲದ ಅತ್ತೆ. ಮದುವೆಯಾಗಲಿಲ್ಲ, ಯಾಕೆಂದು ಕೇಳಿದವರಿಗೆ 'ಮನೆಗೆ ಬಂದ ಮೇಲೂ ಒಬ್ಬರ ದೂರು ಕೇಳಬೇಕಿತ್ತಲ್ಲ' ಎನ್ನುತ್ತಿದ್ದಳು. ಬೀದಿಯ ಮಕ್ಕಳು ಅವಳನ್ನು ನೀರತ್ತೆ ಎಂದು ಕರೆದವು, ಕ್ರಮೇಣ ಮಕ್ಕಳ ತಾಯ್ತಂದೆಯರೂ ಹಾಗೇ ಕರೆದರು. ನೀರೆಗೆ ನೀರೇ ಉದ್ಯೋಗವಾದ ಮೇಲೆ ಬೇರೆ ಹೆಸರು ಯಾಕೆ ಬೇಕು? ನಡೆಯುವಾಗ ಕೈ ಬೀಸುವುದಿಲ್ಲ. ಎರಡೂ ಕೈಗಳಲ್ಲಿ ತುಂಬಿದ ಬಕೆಟ್ಟುಗಳಿವೆ, ಒಂದು ತೊಟ್ಟೂ ತುಳುಕಬಾರದು ಎಂಬಂತೆ ಮೈ ಅಲುಗಿಸದೆ ಸಾಗುತ್ತಾಳೆ. ಕಚೇರಿಯಲ್ಲಿ ಕೊಟ್ಟಿದ್ದ ಬೂದುಬಣ್ಣದ ಉದ್ದನೆಯ ಕೋಟನ್ನು ಕೊಟ್ಟವರು ವಾಪಸು ಕೇಳಲಿಲ್ಲ, ತೊಟ್ಟವಳು ವಾಪಸು ಮಾಡಲಿಲ್ಲ. ಮೊಹರಿನ ಭಾರಕ್ಕೆ ಜೋತುಬಿದ್ದ ಅದರ ಬಲಜೇಬು ಮೊಹರು ಹೋದ ಮೇಲೂ ಹಾಗೇ ಜೋತುಕೊಂಡಿದೆ. ಇಲಾಖೆ ಅವಳಿಗೆ ಕೊಟ್ಟದ್ದು ಒಂದು ಕೋಟು, ಇಲಾಖೆಯ ಪರವಾಗಿ ಅವಳು ಕೇಳಿಸಿಕೊಂಡ ಬೈಗುಳ ಕೋಟಿ. ಇನ್ನು ಅವಳ ಮಾತಿನ ಚಾಳಿ: ಯಾರು ಏನೇ ಹೇಳಲಿ, ಕೊನೆಗೆ 'ಆಯ್ತು. ಮುಂದೆ?' ಎನ್ನುವುದು. ನಾನು ಮದುವೆಯಾಗುವ ಹುಡುಗಿಯ ವಿಷಯವನ್ನು ಮನೆಯಲ್ಲಿ ಮೊದಲು ತಿಳಿಸಿದ್ದು ಅವಳಿಗೆ. ಒಂದೂ ಬಿಡದೆ ಎಲ್ಲವನ್ನೂ ಹೇಳಿದೆ. ಕಿವಿ ಮುಂದೆ ಮಾಡಿ ಪೂರ್ತಿ ಕೇಳಿದಳು. 'ಆಯ್ತು. ಮುಂದೆ?' ಎಂದಳು. ನನ್ನ ಹಿಂದೆ ಸಾಲು ನಿಂತಿದೆಯೇನೋ ಎಂದು ನಾನು ತಿರುಗಿ ನೋಡಿದೆ.

ಕಿಂಡಿಯಲ್ಲಿ ಅವಳು ಮಾಡಬಹುದಾಗಿದ್ದ ಕೆಲಸ ಒಂದೇ: ದೂರನ್ನು ಬರೆದುಕೊಂಡು, ಚೀಟಿಯ ಮೇಲೆ 'ದೂರು ದಾಖಲಾಗಿದೆ. ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂದು ಬರೆದು, ಮೊಹರು ಒತ್ತಿ, ಹೊರಗೆ ತಳ್ಳುವುದು. ಕ್ರಮ ಎಂಬುದು ಮೂರನೆಯ ಮಹಡಿಯ ಎಂಜಿನಿಯರುಗಳ ಸ್ವತ್ತು. ಅದು ಕೆಳಗಿಳಿದು ಬರುತ್ತಿದ್ದುದು ಅಪರೂಪ, ಬಂದರೂ ಸೂಕ್ತವಾಗಿ ಬರುತ್ತಿದ್ದುದು ಇನ್ನೂ ಅಪರೂಪ. ಆ ಸಾಲನ್ನು ಬರೆಯುವವಳೂ ನಂಬುತ್ತಿರಲಿಲ್ಲ, ಓದುವವರೂ ನಂಬುತ್ತಿರಲಿಲ್ಲ. ಸೀನಿದವರಿಗೆ ಪಕ್ಕದವರು ಏನೋ ಒಂದು ಅಂದಂತೆ ಅದೊಂದು ಲೋಕಾರೂಢಿಯ ಸೌಜನ್ಯ.

ಆದರೆ ಅತ್ತೆ ತನ್ನದೇ ಒಂದು ಕಾರ್ಯವಿಧಾನವನ್ನು ಕಂಡುಕೊಂಡಿದ್ದಳು, ಅದು ಯಾವ ನಿಯಮಾವಳಿಯಲ್ಲೂ ಇರಲಿಲ್ಲ. ಒಮ್ಮೆ ತಗ್ಗಿನ ಬೀದಿಯ ದರ್ಜಿಯೊಬ್ಬ ಬಂದು ನಲ್ಲಿ ಒಣಗಿ ವಾರವಾಯಿತೆಂದು ಕೂಗಾಡಿ ಹೋದ. ಅವನ ಹಿಂದೆಯೇ ನಿಂತಿದ್ದ ಹೆಂಗಸು, ಮೇಲಿನ ಬೀದಿಯವಳು, ತನ್ನ ಟ್ಯಾಂಕು ತುಂಬಿ ಹರಿದು ಮೆಟ್ಟಿಲೆಲ್ಲ ಪಾಚಿಗಟ್ಟಿದೆ, ಗಂಡ ಜಾರಿಬಿದ್ದ ಎಂದು ಅತ್ತಳು. ಇಬ್ಬರಿಗೂ ಒಂದೇ ಚೀಟಿ, ಒಂದೇ ಮೊಹರು. ಮಧ್ಯಾಹ್ನದ ಬಿಡುವಿನಲ್ಲಿ ಅತ್ತೆ ಇಬ್ಬರಿಗೂ ಫೋನು ಮಾಡಿದಳು. ಅವರಿಬ್ಬರ ಹಿತ್ತಿಲುಗಳ ನಡುವೆ ಇದ್ದದ್ದು ಒಂದೇ ಗೋಡೆ ಎಂಬುದು ಅವರಿಗೇ ಹೊಳೆದಿರಲಿಲ್ಲ. ಸಂಜೆಯೊಳಗೆ ಗೋಡೆಯ ಮೇಲೆ ಒಂದು ಪೈಪು ಹತ್ತಿ ಇಳಿಯಿತು. 'ಇಲ್ಲ ಅನ್ನೋರನ್ನ ಒಂದು ಸಾಲಲ್ಲಿ, ಹೆಚ್ಚಾಯ್ತು ಅನ್ನೋರನ್ನ ಇನ್ನೊಂದು ಸಾಲಲ್ಲಿ ನಿಲ್ಲಿಸ್ತಾರೆ ಕಣೋ' ಎಂದು ಅವಳು ನನಗೆ ವಿವರಿಸಿದ್ದುಂಟು. 'ಅಕ್ಕಪಕ್ಕ ನಿಲ್ಲಿಸಿ ನೋಡು, ಅರ್ಧ ಜಗಳ ಅಲ್ಲೇ ಮುಗಿಯುತ್ತೆ.' ಹೀಗೆ ಎಷ್ಟು ಗೋಡೆಗಳ ಮೇಲೆ ಎಷ್ಟು ಪೈಪುಗಳು ಹತ್ತಿದವೋ, ಎಂಜಿನಿಯರುಗಳಿಗೆ ಗೊತ್ತಾಗಿದ್ದರೆ ಅವಳ ನೌಕರಿ ನೀರುಪಾಲಾಗುತ್ತಿತ್ತು.

ಇಂಥವಳು ನಿವೃತ್ತಳಾಗಿ ನಮ್ಮ ಮಹಡಿಯ ಕೋಣೆಗೆ ಬಂದು ನೆಲೆಸಿದಾಗ ಮೊದಲ ಬಲಿಯಾದದ್ದು ನನ್ನ ಹೆಂಡತಿಯ ಬಾಲ್ಕನಿಯ ಗಿಡಗಳು. ಇಡೀ ಊರಿಗೆ ನೀರಿಲ್ಲ ನೀರಿಲ್ಲ ಎಂದು ಹೇಳಿ ಹೇಳಿ ಅವಳ ಮನಸ್ಸಿನಲ್ಲಿ ಯಾವ ಋಣಭಾರ ಕುಳಿತಿತ್ತೋ, ಕುಂಡ ಕಂಡರೆ ಸಾಕು ಕೈ ಕೊಡಕ್ಕೆ ಹೋಗುತ್ತಿತ್ತು. ಬೆಳಿಗ್ಗೆ ಒಂದು ಸಲ ಹಾಕುವಳು. ಎಲೆ ಬಾಡಿದಂತೆ ಕಂಡಿತೆಂದು ಮಧ್ಯಾಹ್ನ ಒಂದು ಸಲ. ಮಧ್ಯಾಹ್ನ ಹಾಕಿದ್ದು ನೆನಪಿದ್ದರೂ, ಇರಲಿ ಪಾಪ ಎಂದು ಸಂಜೆ ಒಂದು ಸಲ. ಬೇರು ಕೊಳೆತು, ಕಾಂಡ ಕಪ್ಪಾಗಿ, ಒಂದೊಂದೇ ಗಿಡ ಮುಳುಗಿ ಸತ್ತಿತು.

'ರೀ, ಇನ್ನು ಉಳಿದಿರೋದು ಒಂದು ಕಳ್ಳಿ' ಎಂದಳು ಹೆಂಡತಿ. 'ನಿಮ್ಮತ್ತೆ ಕಣ್ಣು ಈಗ ಅದರ ಮೇಲೆ ಬಿದ್ದಿದೆ.'

'ನೀನೇ ಹೇಳು.'

'ಹೇಳ್ದೆ. ಕಿವಿ ಕೊಟ್ಟು ಕೇಳಿದ್ರು. ಆಯ್ತು ಮುಂದೆ ಅಂದ್ರು. ಸಂಜೆ ಮತ್ತೆ ನೀರು ಹಾಕಿದ್ರು.'

ಆ ಕಳ್ಳಿಯನ್ನು ಉಳಿಸಲೆಂದೇ ನನ್ನ ಹೆಂಡತಿ ಒಂದು ಟ್ಯಾಬ್ಲೆಟ್ಟಿನೊಳಗೆ ಆ ಆಟವನ್ನು ಹಾಕಿ ಅತ್ತೆಯ ಕೈಗಿತ್ತದ್ದು. ಅದೊಂದು ಗಿಡದಂಗಡಿಯ ಆಟ. ಪರದೆಯ ಮೇಲೆ ಒಂದು ಪುಟ್ಟ ಬೀದಿ, ಬೀದಿಯಲ್ಲಿ ನಮ್ಮದೊಂದು ಪುಟ್ಟ ಅಂಗಡಿ, ಕಿಟಕಿಯಲ್ಲಿ ಬಿಸಿಲು, ಗಲ್ಲಾಪೆಟ್ಟಿಗೆಯ ಮೇಲೆ ಮಲಗಿದ ಬೆಕ್ಕು. ಬೀಜ ಬಿತ್ತಬೇಕು, ನೀರೆರೆಯಬೇಕು, ಬಂದ ಗಿರಾಕಿ ಕೇಳಿದ ಗಿಡ ಹುಡುಕಿ ಕೊಡಬೇಕು. 'ಮೆಟ್ಟಿಲ ಕೆಳಗೆ ಕತ್ತಲು, ಅಲ್ಲಿ ಯಾವುದು ಬೆಳೆಯುತ್ತೆ?' ಎಂದು ಒಬ್ಬ. 'ತಂಗಿಯ ಜೊತೆ ಜಗಳ ಆಗಿದೆ, ಯಾವ ಹೂವು ಕೊಡಲಿ?' ಎಂದು ಇನ್ನೊಬ್ಬಳು. ಓಡುವುದಿಲ್ಲ, ಹೊಡೆಯುವುದಿಲ್ಲ, ಯಾರೂ ಗೆಲ್ಲುವುದಿಲ್ಲ. ನೀರು ಎಷ್ಟು ಬೇಕೋ ಅಷ್ಟಾದ ಕೂಡಲೇ ಕ್ಯಾನು ತಾನೇ ನೆಟ್ಟಗಾಗುವುದು ನನ್ನ ಹೆಂಡತಿಗೆ ಬಹಳ ಹಿಡಿಸಿತ್ತು.

ಅತ್ತೆ ಕೋಟು ತೊಟ್ಟು ಆಡಲು ಕುಳಿತಳು. ಒಂದು ವಾರ ಅಂಗಡಿ ನಡೆಸಿದಳು. ಆಮೇಲೆ ಕೇಳಿದಳು: 'ಎಲ್ಲ ಚೆನ್ನಾಗಿದೆ ಕಣಮ್ಮ. ದೂರು ಕೊಡೋ ಜಾಗ ಎಲ್ಲಿ?'

ಹೆಂಡತಿ, ಯೋಚಿಸದೆ, ಆಡಿದವರೆಲ್ಲ ಅಭಿಪ್ರಾಯ ಬರೆಯುವ ಪುಟವನ್ನು ತೆರೆದು ತೋರಿಸಿದಳು. ಅಲ್ಲಿಗೆ ಅಂಗಡಿಯ ಮೇಲಿನ ಅತ್ತೆಯ ಮಮತೆ ಅರ್ಧ ಇಳಿಯಿತು. ಮೀನನ್ನು ಮತ್ತೆ ನೀರಿಗೆ ಬಿಟ್ಟಂತಾಗಿತ್ತು. ದಿನವೂ ಬೆಳಿಗ್ಗೆ ಕಚೇರಿ ತೆರೆಯುತ್ತಿದ್ದ ಹೊತ್ತಿಗೆ ಸರಿಯಾಗಿ ಕುಳಿತು ಒಂದೊಂದಾಗಿ ಓದುವಳು, ನಗು ತರಿಸಿದ್ದನ್ನು ನಮಗೂ ಓದಿ ಹೇಳುವಳು. ಒಬ್ಬ ಬರೆದಿದ್ದ: 'ಸಂಗೀತ ಕೇಳುತ್ತ ನಿದ್ದೆ ಬಂತು. ಐದು ನಕ್ಷತ್ರ.' ಅದರ ಕೆಳಗೇ ಇನ್ನೊಬ್ಬ: 'ಸಂಗೀತ ಕೇಳುತ್ತ ನಿದ್ದೆ ಬಂತು. ಒಂದು ನಕ್ಷತ್ರ.' ಒಬ್ಬಳಿಗೆ ಬೆಕ್ಕು ಇಷ್ಟ, ಗಿಡಗಳು ಅದಕ್ಕೆ ಅಡ್ಡ ಬರುತ್ತವೆ ಎಂಬ ದುಃಖ. ಇನ್ನೊಬ್ಬ: 'ನಾನು ನಿಜವಾದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿನ ಗಿರಾಕಿಗಳು ಹೋಗುವಾಗ ಥ್ಯಾಂಕ್ಸ್ ಹೇಳುತ್ತಾರೆ. ಇದು ಕಟ್ಟುಕಥೆ ಎಂದು ಮೊದಲೇ ತಿಳಿಸಬೇಕಿತ್ತು.' ತನ್ನನ್ನು 'ಕೆಲಸವಿಲ್ಲದ ಮಾಲಿ' ಎಂದು ಕರೆದುಕೊಂಡ ಒಬ್ಬ ವಾರಕ್ಕೊಮ್ಮೆ ತಪ್ಪದೆ ಗೊಣಗುತ್ತಿದ್ದ: 'ನನ್ನ ಎಲ್ಲ ಗಿಡಗಳೂ ಬೆಳೆದಾಗಿದೆ, ಎಲ್ಲ ಬೀಜಗಳೂ ಸಿಕ್ಕಾಗಿದೆ. ದಿನಾ ಬಂದು ಕ್ಯಾನು ಹಿಡಿದು ಸುಮ್ಮನೆ ನಿಲ್ಲುತ್ತೇನೆ. ಇನ್ನೇನು ಮಾಡಲಿ?' ಅವನ ಹಾಗೆ ಗೊಣಗುವವರು ಬೇಕಾದಷ್ಟು ಜನ ಇದ್ದರು.

ಓದುವುದಕ್ಕೂ ಅವಳದೊಂದು ಶಾಸ್ತ್ರವಿತ್ತು. 'ಮೊದಲನೇ ಸಾಲು ಸಿಟ್ಟು. ನಡುವಿನದು ವಿಷಯ. ನಿಜ ಇರೋದು ಕೊನೇ ಸಾಲಲ್ಲಿ. ಕೊನೇ ಸಾಲು ಓದ್ದೆ ಯಾರಿಗೂ ಉತ್ತರ ಕೊಡಬಾರದು' ಎನ್ನುವಳು. ಹೌದು, ಉತ್ತರ ಕೊಡತೊಡಗಿದ್ದಳು. ಒಂದೊಂದು ಅಭಿಪ್ರಾಯದ ಕೆಳಗೂ ಸಹಾನುಭೂತಿಯ ಎರಡು ಮಾತು ಬರೆದು, ಕೊನೆಯಲ್ಲಿ, ಕೈ ತಾನಾಗಿ ಹೋಗಿ ಕೋಟಿನ ಗುಂಡಿ ಹಾಕುವಂತೆ, ಅದೇ ಸಾಲು: 'ದೂರು ದಾಖಲಾಗಿದೆ. ಸೂಕ್ತ ಕ್ರಮ ಕೈಗೊಳ್ಳಲಾಗುವುದು.' ಬೆಕ್ಕಿನವಳಿಗೂ ಅದೇ, ನಿದ್ದೆಯವನಿಗೂ ಅದೇ.

'ಅತ್ತೆ, ನೀನೇನು ಆ ಕಂಪನಿಯವಳಾ?' ಎಂದು ನಾನು ರೇಗಿಸಿದೆ.

'ನೀರಿನ ಕಚೇರಿ ಮಾತ್ರ ನಮ್ಮಪ್ಪಂದಾಗಿತ್ತಾ? ಬರೆದೋರಿಗೆ ಯಾರೋ ಓದಿದ್ರು ಅಂತಾದ್ರೂ ಗೊತ್ತಾಗ್ಲಿ.'

ಹೀಗಿರುವಾಗ ಒಂದು ಬೆಳಿಗ್ಗೆ 'ಮೂರನೇ ಮಹಡಿ' ಎಂಬ ಹೆಸರಿಟ್ಟುಕೊಂಡ ಯಾರೋ ಒಬ್ಬರ ಅಭಿಪ್ರಾಯ ಬಂತು. ಅತ್ತೆ ಅದನ್ನು ನಮಗೆ ಓದಿ ಹೇಳಲಿಲ್ಲ, ಟ್ಯಾಬ್ಲೆಟ್ಟನ್ನೇ ನನ್ನ ಕೈಗೆ ಕೊಟ್ಟಳು. 'ಆಟ ತುಂಬ ಚೆನ್ನಾಗಿದೆ' ಎಂದು ಮೊದಲಾಗಿತ್ತು. 'ದಿನಾ ಆಡುತ್ತಿದ್ದೆ. ಆಮೇಲೆ ಆಸ್ಪತ್ರೆಗೆ ಸೇರಬೇಕಾಯಿತು. ಬಹಳ ದಿನ ಇದ್ದೆ. ಮನೆಗೆ ಬಂದ ಮೇಲೆ ಮೊದಲು ತೆರೆದದ್ದು ಇದನ್ನೇ. ಎಲ್ಲ ಗಿಡಗಳೂ ಒಣಗಿ ಕಡ್ಡಿಯಾಗಿದ್ದವು. ಪರದೆಯ ಮೇಲೆ "ನಿಮಗಾಗಿ ತುಂಬ ಕಾದೆವು" ಎಂದು ಬಂತು. ಅಂಗಡಿ ಮುಚ್ಚುತ್ತಿದ್ದೇನೆ. ಬರಲಾಗಲಿಲ್ಲ ಎಂದು ಹೇಳುವುದಕ್ಕೆ ಅಲ್ಲಿ ಜಾಗವೇ ಇಲ್ಲ.'

ಅದರ ಕೆಳಗೆ ಅತ್ತೆಯ ಉತ್ತರ ಆಗಲೇ ಇತ್ತು. ಬೇಗ ಗುಣವಾಗಿ ಎಂಬ ಹಾರೈಕೆ. ಅದರ ಕೆಳಗೆ, ರೂಢಿಯಂತೆ, ದೂರು ದಾಖಲಾಗಿದೆ, ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಅದರ ಕೆಳಗೆ ಮೂರನೇ ಮಹಡಿಯ ಮರುಮಾತು: 'ಹೌದಾ? ಹಾಗಾದರೆ ಅಂಗಡಿ ಮುಚ್ಚುವುದಿಲ್ಲ. ಕಾಯುತ್ತೇನೆ.'

ನಾನು ಓದಿ ತಲೆಯೆತ್ತಿದೆ. ಅತ್ತೆಯ ಮುಖದಲ್ಲಿ ಆ ತನಕ ನಾನು ಕಾಣದಿದ್ದ ಒಂದು ಭಯವಿತ್ತು.

'ಮೂವತ್ತು ವರ್ಷ ಬರೆದಿದ್ದೀನಿ ಕಣೋ ಆ ಸಾಲನ್ನ' ಎಂದಳು. 'ಒಬ್ಬರೂ ನಂಬಿರಲಿಲ್ಲ. ಇದ್ಯಾರೋ ನಂಬಿಬಿಟ್ಟಿದ್ದಾರೆ.'

'ನಿಜ ಹೇಳಿಬಿಡು. ನಾನು ಕಂಪನಿಯವಳಲ್ಲ ಅಂತ ಬರೆದುಬಿಡು.'

'ಬರೀತೀನಿ. ಬರೆದ್ರೆ ಅಂಗಡಿ ಮುಚ್ತಾರೆ. ಕಾಯ್ತೀನಿ ಅಂದೋರಿಗೆ ಕ್ರಮ ಇಲ್ಲ, ಹೋಗಿ ಬನ್ನಿ ಅಂತ ಕಿಂಡಿ ಮುಚ್ಚಲಾ?'

ಆದರೂ ಬರೆದಳು: ನಾನು ಈ ಆಟ ಮಾಡಿದವಳಲ್ಲ, ಆ ಸಾಲು ಹಳೆಯ ಅಭ್ಯಾಸದಿಂದ ಕೈತಪ್ಪಿ ಬಂದದ್ದು, ನನಗೆ ಯಾವ ಅಧಿಕಾರವೂ ಇಲ್ಲ. ಆದರೆ ನಿಮ್ಮ ವಿಷಯವನ್ನು ನಾನು ಕೈಗೆತ್ತಿಕೊಂಡಿದ್ದೇನೆ. ಮೂರನೇ ಮಹಡಿಯಿಂದ ಉತ್ತರ ಬರಲಿಲ್ಲ. ಓದಿದರೋ, ಓದಿ ಮುನಿದರೋ, ಮತ್ತೆ ಆಸ್ಪತ್ರೆಗೇ ಹೋದರೋ ತಿಳಿಯುವ ಬಗೆಯಿರಲಿಲ್ಲ. ಆ ದಿನವೆಲ್ಲ ಅತ್ತೆ ಕೋಟು ಬಿಚ್ಚಲಿಲ್ಲ. ಬಾಲ್ಕನಿಯ ಕಳ್ಳಿಗೂ ನೀರು ಬೀಳಲಿಲ್ಲವೆಂದರೆ ಅವಳ ಮನಸ್ಸು ಎಲ್ಲಿತ್ತೆಂದು ಊಹಿಸಬಹುದು.

ಮರುದಿನ ಇನ್ನೊಂದು ಸಂದೇಶ ಬಂತು, ಇದು ಆಟ ಕಟ್ಟಿದವರಿಂದಲೇ: ನಮ್ಮ ಹೆಸರಿನಲ್ಲಿ ಉತ್ತರ ಕೊಡುವುದನ್ನು ದಯವಿಟ್ಟು ನಿಲ್ಲಿಸಿ, ಇಲ್ಲವಾದರೆ ಈ ಪುಟದಿಂದ ನಿಮ್ಮನ್ನು ತೆಗೆದುಹಾಕಬೇಕಾಗುತ್ತದೆ. ಹೆಂಡತಿ ಗಾಬರಿಯಾದಳು. ಅತ್ತೆಗೆ ಮಾತ್ರ ಜೀವ ಬಂದಂತಾಯಿತು. ಕಡೆಗೂ ಮೇಲಿನ ಮಹಡಿಯಿಂದ ಒಬ್ಬರು ಕೆಳಗೆ ಇಣುಕಿದ್ದರು. 'ಮಾತಾಡಬೇಕಿತ್ತು' ಎಂದು ಬರೆದಳು. ಒಂದು ಸಂಜೆ ಪರದೆಯ ಮೇಲೆ ಮುಖಾಮುಖಿ ಏರ್ಪಾಡಾಯಿತು. ಕಂಪನಿ ಎಂದರೆ ಟೈ ಕಟ್ಟಿದ ಯಾರೋ ಬರುತ್ತಾರೆಂದು ನಾನು ಅಂಗಿ ಬದಲಾಯಿಸಿ ಕುಳಿತಿದ್ದೆ. ಬಂದದ್ದು ತಲೆಗೂದಲನ್ನು ಪೆನ್ಸಿಲಿನಿಂದ ಸಿಕ್ಕಿಸಿಕೊಂಡ, ಹಿಂದಿನ ಹಗ್ಗದ ಮೇಲೆ ಟವೆಲು ಒಣಹಾಕಿದ್ದ ಒಬ್ಬ ಹುಡುಗಿ.

'ಆಂಟಿ, ನಿಮ್ಮ ಉತ್ತರ ನೋಡಿ ಜನ ನನ್ನನ್ನ ಕೇಳ್ತಿದ್ದಾರೆ, ಕ್ರಮ ಎಲ್ಲಿ ಅಂತ. ಬೆಕ್ಕಿನ ಬಗ್ಗೆ ಯಾವ ಕ್ರಮ ಕೈಗೊಳ್ಳಲಿ ನಾನು?'

ಅತ್ತೆ ಬಗ್ಗಿ ಬಲಗಿವಿಯನ್ನು ಪರದೆಗೆ ಹಚ್ಚಿದಳು. ಆ ಕಡೆಯ ಹುಡುಗಿಗೆ ಒಂದು ದೊಡ್ಡ ಕಿವಿಯಲ್ಲದೆ ಬೇರೇನೂ ಕಂಡಿರಲಾರದು. 'ನಿಮ್ಮ ಕಂಪನೀಲಿ ಎಷ್ಟು ಜನ ಇದ್ದೀರಮ್ಮ?'

'ನಾನೊಬ್ಬಳೇ.'

'ಮತ್ತೆ ದೂರು ಯಾರು ನೋಡ್ತಾರೆ?'

'ಈಗ... ನೀವೇ ನೋಡ್ತಿದ್ದೀರಲ್ಲ' ಎಂದು ಹುಡುಗಿ ನಕ್ಕುಬಿಟ್ಟಳು.

ಆಮೇಲೆ ಮಾತು ಮೂರನೇ ಮಹಡಿಗೆ ಬಂತು. ಹುಡುಗಿ ಅದನ್ನು ಓದಿದ್ದಳು, ಓದಿ ಸಂಕಟಪಟ್ಟಿದ್ದಳು. ಆದರೆ ಗಿಡ ಒಣಗುವುದನ್ನೇ ತೆಗೆದುಬಿಟ್ಟರೆ ನೀರು ಹಾಕುವುದಕ್ಕೆ ಅರ್ಥವೇನು, ಅಂಗಡಿ ಬರೀ ಚಿತ್ರವಾಗಿಬಿಡುತ್ತದೆ, ಹಾಗೆಂದು ಬರೆದವರೂ ನೂರಾರು ಜನ ಇದ್ದಾರೆ ಎಂದಳು. ಅತ್ತೆ ಅವಳ ಪಕ್ಷವನ್ನೇ ವಹಿಸಿದಳು.

'ಒಣಗ್ಲೇಬೇಕು. ನೀರಿಲ್ದೆ ಗಿಡ ಒಣಗಲ್ಲ ಅಂದ್ರೆ ಜನ ನನ್ನ ಕಿಂಡಿ ಮುಂದೆ ಯಾಕೆ ನಿಂತಿದ್ರು? ಅದಲ್ಲ. ತುಂಬ ಕಾದೆವು ಅನ್ನೋ ಆ ಮಾತು ಯಾರು ಬರೆದಿದ್ದು?'

'ನಾನೇ. ಚೆನ್ನಾಗಿಲ್ವಾ?'

'ಬಹಳ ಚೆನ್ನಾಗಿದೆ. ಅದೇ ತೊಂದರೆ. ಹಾಸಿಗೆ ಹಿಡಿದು ಎದ್ದು ಬಂದೋರಿಗೆ ಅಷ್ಟು ಚೆನ್ನಾಗಿರೋ ಮಾತು ತಡಕೊಳ್ಳಕ್ಕಾಗಲ್ಲ.'

'ಹಾಗಾದ್ರೆ ಏನು ಮಾಡ್ಬೇಕು ಹೇಳಿ ಆಂಟಿ. ಗಿಡ ಒಣಗ್ಬೇಕು, ಬರಕ್ಕಾಗ್ದೆ ಇದ್ದೋರಿಗೆ ಒಣಗ್ಬಾರ್ದು. ಬರಕ್ಕಾಗ್ಲಿಲ್ವೋ ಮರೆತ್ರೋ ಅಂತ ಆಟಕ್ಕೆ ಹೇಗೆ ಗೊತ್ತಾಗುತ್ತೆ?'

ದೂರು ಹೊತ್ತು ತಂದವಳಿಗೆ ಪರಿಹಾರವೂ ಗೊತ್ತಿರಬೇಕೆಂದು ಅತ್ತೆಯನ್ನು ಕೇಳಿದವರು ಆ ತನಕ ಯಾರೂ ಇರಲಿಲ್ಲ. ನಾಲ್ಕಾರು ದಿನ ಅವಳು ಮನೆಯೊಳಗೆ ಅದೇ ಬಕೆಟ್ಟಿನ ನಡಿಗೆಯಲ್ಲಿ ಸುತ್ತಿದಳು, ಊಟಕ್ಕೆ ಕೂತರೆ ಅನ್ನ ತಣ್ಣಗಾಯಿತು. ನಾನೂ ನನ್ನ ಪಾಲಿನ ಸಲಹೆ ಕೊಟ್ಟೆ. ಆಟಗಾರರು ರಜೆಯ ಅರ್ಜಿ ಕೊಟ್ಟು ಹೋಗುವಂತೆ ಮಾಡಬಹುದಲ್ಲ ಎಂದೆ. 'ಕಾಯಿಲೆ ಏನು ಅರ್ಜಿ ಹಾಕಿ ಬರುತ್ತಾ? ಎದ್ದು ಹೋಗು' ಎಂದಳು. ಎದ್ದು ಹೋದೆ.

ಒಂದು ಬೆಳಿಗ್ಗೆ ಅಭಿಪ್ರಾಯಗಳನ್ನು ಓದುತ್ತಿದ್ದವಳು ತಟ್ಟನೆ ನನ್ನ ಹೆಂಡತಿಯನ್ನು ಕೂಗಿದಳು. ಕೆಲಸವಿಲ್ಲದ ಮಾಲಿ ಮತ್ತೆ ಬರೆದಿದ್ದ, ಅದೇ ಗೊಣಗು: ಕ್ಯಾನು ಹಿಡಿದು ನಿಂತಿದ್ದೇನೆ, ಏನು ಮಾಡಲಿ. 'ಇವನನ್ನ ಇಷ್ಟು ದಿನ ಬೇರೆ ಸಾಲಲ್ಲಿ ನಿಲ್ಲಿಸಿದ್ದೆ ಕಣಮ್ಮ' ಎಂದಳು ಅತ್ತೆ. 'ನನಗೇ ಬುದ್ಧಿ ಬೇಡ್ವಾ? ಅಲ್ಲಿ ನೀರಿಲ್ಲ, ಇಲ್ಲಿ ತುಂಬಿ ಹರೀತಿದೆ.'

ಬಾರದವರ ಗಿಡಗಳಿಗೆ ಕೆಲಸವಿಲ್ಲದವರು ನೀರು ಹಾಕಲಿ ಎಂಬ ಅತ್ತೆಯ ಮಾತಿಗೆ ಆಟ ಕಟ್ಟಿದ ಹುಡುಗಿ ಒಪ್ಪಿದ್ದು ಸುಲಭವಾಗಿಯೇನಲ್ಲ. ಒಬ್ಬರ ಅಂಗಡಿಗೆ ಇನ್ನೊಬ್ಬರನ್ನು ಬಿಟ್ಟರೆ ಕುಂಡ ಜರುಗಿಸುತ್ತಾರೆ, ಹೂ ಕೀಳುತ್ತಾರೆ, ಬೆಕ್ಕನ್ನು ಒಯ್ಯುತ್ತಾರೆ, ಜನ ಹೇಗಿರುತ್ತಾರೆ ನಿಮಗೆ ಗೊತ್ತಿಲ್ಲ ಆಂಟಿ ಎಂದಳು. ಜನ ಹೇಗಿರುತ್ತಾರೆಂದು ಅತ್ತೆಗೆ ಹೇಳಿಕೊಟ್ಟ ಮೊದಲಿಗಳು ಬಹುಶಃ ಅವಳೇ. 'ಬಾಗಿಲು ಯಾಕೆ ತೆಗೀತೀಯ?' ಎಂದಳು ಅತ್ತೆ. 'ಕಿಟಕಿಯಿಂದ ಒಂದು ಪೈಪು ಬಿಡು. ನೀರು ಹೋಗ್ಲಿ, ಮನುಷ್ಯರು ಹೋಗೋದು ಬೇಡ. ಗೋಡೆ ಹಂಗೇ ಇರ್ಲಿ.' ಹುಡುಗಿ ಪೆನ್ಸಿಲನ್ನು ಕೂದಲಿನಿಂದ ಕಿತ್ತಳು. ಕೂದಲು ಮುಖದ ಮೇಲೆಲ್ಲ ಹರಡಿತು. ಅದರ ಹಿಂದಿನಿಂದ ಬರೆದುಕೊಳ್ಳುವ ಸದ್ದು ಕೇಳುತ್ತಿತ್ತು.

ಅದು ಆಟದೊಳಕ್ಕೆ ಬರುವ ಹೊತ್ತಿಗೆ ಒಂದು ಋತು ಕಳೆದಿತ್ತು. ಅಷ್ಟೂ ದಿನ ಮೂರನೇ ಮಹಡಿಯಿಂದ ಮಾತಿಲ್ಲ. ಅತ್ತೆ ದಿನವೂ ಆ ಅಭಿಪ್ರಾಯವನ್ನು ಒಮ್ಮೆ ತೆರೆದು ನೋಡಿ ಮುಚ್ಚುವಳು. ಹೊಸ ಏರ್ಪಾಡು ಬಂದ ದಿನ ಬೀದಿಯ ಅಂಗಡಿಗಳ ಕಿಟಕಿಗಳೆಲ್ಲ ತೆರೆದವು. ಬಹಳ ದಿನ ಬಾರದವರ ಅಂಗಡಿಯ ಮುಂದೆ ಒಂದು ಸಣ್ಣ ದೀಪ, ದೀಪ ಕಂಡವರು ನಿಂತು ಕಿಟಕಿಯಿಂದ ನೀರು ಬಿಡಬಹುದು. ಅಭಿಪ್ರಾಯಗಳು ಧಾರಾಕಾರವಾಗಿ ಸುರಿದವು. ಕೆಲಸವಿಲ್ಲದ ಮಾಲಿ ಹೆಸರು ಬದಲಾಯಿಸಿಕೊಂಡು 'ಪುರುಸೊತ್ತಿಲ್ಲದ ಮಾಲಿ'ಯಾದ. ಪರೀಕ್ಷೆಗೆ ಓದಲು ಹೋಗಿದ್ದವಳೊಬ್ಬಳು ಬಂದು ತನ್ನ ಗುಲಾಬಿಯಲ್ಲಿ ಮೊಗ್ಗು ಕಂಡು, ಯಾರೆಂದು ಗೊತ್ತಿಲ್ಲದ ಯಾರಿಗೋ ವಂದನೆ ಬರೆದಳು. ಮತ್ತೊಬ್ಬ ಬರೆದ: 'ಯಾವುದೋ ಕರುಣಾಮಯಿ ಜೀವ ದಿನಕ್ಕೆ ಮೂರು ಸಲ ನೀರು ಬಿಟ್ಟು ನನ್ನ ಕಳ್ಳಿಯನ್ನು ಕೊಂದುಹಾಕಿದೆ.' ಕಿಟಕಿಯ ಪೈಪಿಗೆ ತಾನೇ ನಿಲ್ಲುವ ವಿದ್ಯೆ ಕಲಿಸಲು ಹುಡುಗಿ ಮರೆತಿದ್ದಳು. ಓದಿ ಮುಗಿಸಿ ನಾನೂ ಹೆಂಡತಿಯೂ ಒಟ್ಟಿಗೇ ಅತ್ತೆಯ ಕಡೆ ತಿರುಗಿದೆವು. ಅವಳು ಕನ್ನಡಕ ತೆಗೆದು ಕೋಟಿನ ತುದಿಯಿಂದ ಬಹಳ ಹೊತ್ತು ಒರೆಸಿದಳು.

ಆದರೆ ಮೂರನೇ ಮಹಡಿಯ ಅಂಗಡಿಯ ಕಿಟಕಿಯಿಂದ ಇಣುಕಿದಾಗ ನಮಗೆ ತಿಳಿದ ಸಂಗತಿ ಬೇರೆ. ಅಲ್ಲಿನ ಗಿಡಗಳು ಬಾಡಿದವಲ್ಲ, ಸತ್ತವು. ಕುಂಡಗಳಲ್ಲಿ ಬರಿಯ ಕಡ್ಡಿಗಳು. ಈ ಆಟದಲ್ಲಿ ಒಮ್ಮೆ ಒಣಗಿದ್ದು ಮತ್ತೆ ಚಿಗುರುವುದಿಲ್ಲ. ಹುಡುಗಿ ತಾನೇ ಫೋನು ಮಾಡಿ, ಆ ಒಂದು ಅಂಗಡಿಯ ಮಟ್ಟಿಗೆ ಬೇಕಾದರೆ ಎಲ್ಲವನ್ನೂ ಹಸಿರು ಮಾಡಿಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದಳು. ಅತ್ತೆ ಬೇಡವೆಂದಳು. 'ಸತ್ತಿದ್ದು ಅವರು ಕಣ್ಣಾರೆ ನೋಡಿದ್ದಾರಮ್ಮ. ಈಗ ಬಂದು ನೋಡಿದಾಗ ಏನೂ ಆಗೇ ಇಲ್ಲ ಅನ್ನೋ ಹಾಗಿದ್ರೆ, ಅವರ ಕಾಯಿಲೇನೂ ಸುಳ್ಳು ಅಂದಹಾಗಾಗುತ್ತೆ.' ಅನಂತರ ಆ ಕಿಟಕಿಯಿಂದ ಪೈಪು ಬಿಟ್ಟು, ಒಂದೊಂದು ಕುಂಡಕ್ಕೂ ಸಾವಧಾನವಾಗಿ ನೀರು ಹಾಕಿದಳು. ಮರುದಿನವೂ ಹಾಕಿದಳು.

'ಒಣಗಿದ್ದಕ್ಕೆ ಯಾಕೆ ಅತ್ತೆ?' ಎಂದು ನಾನು ತಡೆಯಲಾರದೆ ಕೇಳಿದೆ. 'ಚಿಗುರಲ್ಲ ಅಂತ ಅವಳೇ ಹೇಳಿದಳಲ್ಲ.'

'ಚಿಗುರ್ಲಿ ಅಂತ ಯಾರು ಹಾಕ್ತಿದ್ದಾರೆ?' ಎಂದಳು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ.

ಮೂರನೇ ಮಹಡಿ ಬಂದದ್ದು ನಾವು ನಿರೀಕ್ಷೆ ಬಿಟ್ಟ ಮೇಲೆ. ಒಂದು ಬೆಳಿಗ್ಗೆ ಆ ಅಂಗಡಿಯ ಮುಂದಿನ ದೀಪ ಆರಿತ್ತು. ಕಡ್ಡಿಗಳಿದ್ದ ಕುಂಡಗಳಲ್ಲಿ ಒಂದನ್ನು ಖಾಲಿ ಮಾಡಿ ಬೀಜ ಬಿತ್ತಲಾಗಿತ್ತು. ಅಭಿಪ್ರಾಯದ ಪುಟದಲ್ಲಿ ಹಳೆಯ ದೂರಿನ ಕೆಳಗೆ ಹೊಸ ಸಾಲುಗಳಿದ್ದವು: 'ಎರಡನೆಯ ಸಲವೂ ಹೋಗಬೇಕಾಯಿತು, ಅದಕ್ಕೇ ತಡ. ಬಂದು ನೋಡಿದೆ. ಗಿಡಗಳು ಒಣಗೇ ಇದ್ದವು. ಆದರೆ ಎಲ್ಲ ಕುಂಡಗಳ ಮಣ್ಣೂ ಒದ್ದೆಯಾಗಿತ್ತು.'

ಅತ್ತೆ ಅದನ್ನು ಕೊನೆಯ ಸಾಲಿನಿಂದ ಮೊದಲುಮಾಡಿ ಓದಿದಳು, ಮೊದಲಿನಿಂದ ಇನ್ನೊಮ್ಮೆ ಓದಿದಳು. ಉತ್ತರ ಬರೆಯಲು ಬೆರಳು ಮುಂದೆ ಮಾಡಿ ಹಿಂದೆಗೆದುಕೊಂಡಳು. ಆಮೇಲೆ ಕುರ್ಚಿಯಿಂದೆದ್ದು ಸ್ನಾನಕ್ಕೆ ಹೋದಳು. ಒಳಗೆ ನಲ್ಲಿ ಬಹಳ ಹೊತ್ತು ಹರಿಯುತ್ತಲೇ ಇತ್ತು. ಒಂದು ತೊಟ್ಟು ಪೋಲಾದರೂ ನಮ್ಮನ್ನು ಗದರುವವಳು ಅಂದು ಅದನ್ನು ನಿಲ್ಲಿಸಲಿಲ್ಲ.

ಜಗತ್ತಿನ ಕೀಲಿಕೈಗಳು ಕೆಲವರ ಕೈಯಲ್ಲಿರುತ್ತವೆ. ಅವರು ತೆರೆದರೆ ನೀರು ಬರುತ್ತದೆ, ಮುಚ್ಚಿದರೆ ನಿಲ್ಲುತ್ತದೆ, ಕಚೇರಿಯ ಹೊತ್ತು ಮುಗಿದೊಡನೆ ಅವರ ಹೊಣೆಯೂ ಮುಗಿಯುತ್ತದೆ. ಯಾವ ಕೀಲಿಯೂ ಇಲ್ಲದೆ ಬರಿಯ ಕಿವಿ ಕೊಟ್ಟು ಕುಳಿತವರ ಪಾಡು ಹಾಗಲ್ಲ. ಕೇಳಿಸಿಕೊಂಡದ್ದನ್ನು ಎಲ್ಲಿ ಇಳಿಸಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲವಾದ್ದರಿಂದ ಅದನ್ನು ಮನೆಗೆ ಹೊತ್ತು ತರುತ್ತಾರೆ, ಮುಪ್ಪಿಗೂ ಹೊತ್ತು ತರುತ್ತಾರೆ, ಕಡೆಗೆ ಒಂದು ಆಟದೊಳಗಾದರೂ ಜಾಗ ಹುಡುಕಿ ಇಳಿಸುತ್ತಾರೆ. ಇಂಥವರು ಲೋಕವನ್ನು ಹಸಿರು ಮಾಡಿದರೆಂದು ಹೇಳಲಾರೆ. ಅವರೂ ಹಾಗೆ ಹೇಳಿಕೊಳ್ಳುವುದಿಲ್ಲ. ಒಣಗಿದ್ದು ಒಣಗಿಯೇ ಇರುತ್ತದೆ. ಆದರೆ ತಡವಾಗಿ, ಗೋಡೆ ಹಿಡಿದುಕೊಂಡು, ಅಳುಕುತ್ತ ಹಿಂದಿರುಗಿದವರು ಮಣ್ಣನ್ನು ಮುಟ್ಟಿ ನೋಡಿದಾಗ ಅದು ತಣ್ಣಗಿರುತ್ತದೆ. ಅಲ್ಲಿ ಯಾರೋ ಬಂದುಹೋಗುತ್ತಿದ್ದರು ಎಂದು ಅವರಿಗೆ ತಿಳಿಯುತ್ತದೆ.